ಉತ್ಸವದ ಅಂಚೆಚೀಟಿಗಳಲ್ಲಿ ಸ್ಥಳಚಿತ್ರ : ಅಂಗವೋ ಅಂಗಿಯೋ?

೧

ಕಾಗದದ ಮೇಲೆ ಅಂಟಿಸಿ ಕಳುಹಿಸತಕ್ಕ ಅಂಗುಲಮಾತ್ರದ ಚೀಟಿಯನ್ನು ವಿಮರ್ಶೆಗೆ ವಿಷಯವಾಗಿ ಎತ್ತಿಕೊಳ್ಳುವುದು ಯುಕ್ತವೇ ಎಂಬ ಶಂಕೆ ಈ ಪತ್ರಿಕೆಯ ವಾಚಕರಲ್ಲಿ ಕೆಲವರಿಗಾದರೂ ಹುಟ್ಟದೆ ಇರದು. ಅಂಚೆಚೀಟಿಯು ಸರಕಾರಕ್ಕೆ ಸಂದ ಕೂಲಿಯ ಗುರುತು. ಠಸ್ಸೆ ಬಿದ್ದೊಡನೆ ಅದರ ಪ್ರಯೋಜನ ತೀರಿತು. ಮೇಲಿರುವ ಚಿತ್ರವು ಕಣ್ಣಿಗೆ ಹಿತವಾಗಲೆಂದು ಸೇರಿಸಿದುದೇ ಹೊರತು ಅರ್ಥವನ್ನು ಹೇಳಲೆಂದು ರಚಿಸಿದುದಲ್ಲ. ಹೀಗಿರುವಲ್ಲಿ ಕಾವ್ಯಕ್ಕೆ ಹೇಳಿದ ಅಂಗಾಂಗಿಭಾವವನ್ನೂ ಔಚಿತ್ಯವನ್ನೂ ಇದಕ್ಕೆ ಹಚ್ಚಹೋಗುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಬಿಟ್ಟಂತೆ ಎಂಬುದು ಪೂರ್ವಪಕ್ಷ.

ಇದಕ್ಕೆ ಸಮಾಧಾನ ಹೀಗೆ. ನಾಣ್ಯವೂ ಲೋಹದ ತೂಕಕ್ಕೂ ಬೆಲೆಗೂ ಒಂದು ಗುರುತೇ ಆಗಿದ್ದಿತು. ಆದರೂ ಅದರ ಮೇಲೊತ್ತಿದ ವರಾಹಲಾಂಛನದಿಂದ ನಾಣ್ಯಕ್ಕೇ ‘ವರಾಹ’ವೆಂಬ ಹೆಸರು ಬಂದು, ಆ ಲಾಂಛನವಿಲ್ಲದ ನಾಣ್ಯಗಳಿಗೂ ಅದೇ ಹೆಸರು ನಮ್ಮ ನಾಡಿನಲ್ಲಿ ಬಹುಕಾಲ ನಡೆಯಿತು. ಚಿತ್ರವು ನಿರರ್ಥಕವಾಗಿದ್ದರೆ ವಸ್ತುವಿಗೆ ಹೆಸರಾಗಿ ನಿಲ್ಲುತ್ತಿರಲಿಲ್ಲ. ಅಂಚೆಚೀಟಿಯಾದರೋ ನಾಣ್ಯಕ್ಕಿಂತಲೂ ಶಾಸನಕ್ಕೆ ಹೆಚ್ಚು ಸಮೀಪವಾದುದು. ಶಾಸನವು ಒಂದು ಸಂದರ್ಭದಲ್ಲಿ, ಒಂದು ದಿನದಲ್ಲಿ, ಆಳುವವರು ತಮ್ಮನ್ನು ಲೋಕಕ್ಕೆ ಹೇಗೆ ತೋರಿಸಿಕೊಳ್ಳಬಯಸಿದರೆಂಬುದನ್ನು ಹೇಳುತ್ತದೆ. ಉತ್ಸವದ ನಿಮಿತ್ತವಾಗಿ ಹೊರಡಿಸಿದ ಚೀಟಿಯಲ್ಲಿಯೂ ತಿಥಿಯುಂಟು, ನಿಮಿತ್ತವುಂಟು, ಕರ್ತೃವುಂಟು. ಆದುದರಿಂದ ವಿವಕ್ಷೆಯೂ ಉಂಟು. ವಿವಕ್ಷೆಯಿರುವೆಡೆಯಲ್ಲಿ ವಿಮರ್ಶೆಗೆ ಅಧಿಕಾರವಿದ್ದೇ ಇದೆ.

ಪ್ರಕೃತ ಲೇಖನದಲ್ಲಿ ಉತ್ಸವದ ಚೀಟಿಗಳೆಂದರೆ ಪಟ್ಟದ ವಾರ್ಷಿಕೋತ್ಸವ, ಜನ್ಮದಿನ, ರಾಜಧಾನಿಯ ಪ್ರವೇಶ, ಸ್ವಾತಂತ್ರ್ಯದಿನ, ಮಹಾಭಿಷೇಕ ಮುಂತಾದವುಗಳನ್ನು ನಿಮಿತ್ತವಾಗಿಟ್ಟುಕೊಂಡು ಹೊರಟವುಗಳೆಂದು ತಿಳಿಯತಕ್ಕದ್ದು. ಅವುಗಳಲ್ಲಿಯೂ ಒಂದು ಊರಿನ ಗುಡಿ, ಗೋಪುರ, ಗುಮ್ಮಟ, ಪ್ರತಿಮೆ ಇವುಗಳ ಚಿತ್ರವುಳ್ಳವು ಮಾತ್ರ ಇಲ್ಲಿ ವಿಚಾರಕ್ಕೆ ವಿಷಯ. ಇಂತಹ ಚೀಟಿಯಲ್ಲಿ ಯಾವಾಗಲೂ ಎರಡು ಪದಾರ್ಥಗಳು ಕೂಡುತ್ತವೆ: ಒಂದು ಉತ್ಸವ, ಇನ್ನೊಂದು ಸ್ಥಳ. ಎರಡರಲ್ಲಿ ಯಾವುದು ಅಂಗಿ, ಯಾವುದು ಅಂಗ? ಉತ್ಸವವು ಸ್ಥಳವನ್ನು ಸೇವೆಗೆ ಕರೆದಿದೆಯೋ, ಸ್ಥಳವೇ ಉತ್ಸವಕ್ಕೆ ಅರ್ಥವನ್ನು ಕೊಟ್ಟಿದೆಯೋ? ಈ ಒಂದು ಪ್ರಶ್ನೆಯನ್ನು ಹಿಡಿದು ನೋಡಿದರೆ ಚೀಟಿಗಳ ಗುಣದೋಷಗಳು ತಾವಾಗಿಯೇ ವಿಂಗಡವಾಗುವುವೆಂದು ತೋರುತ್ತದೆ.

೨

ಇಂಡಿಯಾ ದೇಶಕ್ಕೆಲ್ಲ ಸಲ್ಲುವ ಅಂಚೆಚೀಟಿಗಳು ೧೮೫೪ರಲ್ಲಿ ಬಳಕೆಗೆ ಬಂದುವು. ಅಲ್ಲಿಂದ ಮುಂದೆ ಮುಕ್ಕಾಲು ಶತಮಾನದವರೆಗೆ ಅವುಗಳ ಮೇಲೆ ಪ್ರಾಯಶಃ ಆಳುವ ರಾಣಿಯ ಅಥವಾ ದೊರೆಯ ಮುಖವೊಂದೇ ವಿಷಯವಾಗಿದ್ದಿತು. ಕಾಗದವು ಕಾಶ್ಮೀರದಿಂದ ಹೊರಟಿರಲಿ, ಕನ್ಯಾಕುಮಾರಿಯ ಕಡೆಯಿಂದ ಹೊರಟಿರಲಿ, ಊರು ಯಾವುದೆಂಬುದನ್ನು ಠಸ್ಸೆಯ ಅಕ್ಷರಗಳಿಂದ ತಿಳಿಯಬೇಕಾಗಿತ್ತೇ ಹೊರತು ಚಿತ್ರದಿಂದ ತಿಳಿಯುವಂತಿರಲಿಲ್ಲ.

ಈ ಪದ್ಧತಿ ಮೊದಲು ಮುರಿದುದು ೧೯೩೧ನೆಯ ಫೆಬ್ರವರಿಯಲ್ಲಿ, ಹೊಸದಿಲ್ಲಿಯ ಪ್ರವೇಶೋತ್ಸವದ ನಿಮಿತ್ತವಾಗಿ ನಾಸಿಕದ ಮುದ್ರಣಾಲಯದಿಂದ ಆರು ಚೀಟಿಗಳು ಹೊರಬಂದಾಗ. ಕಾಲಾಣೆಯ ಚೀಟಿಯಲ್ಲಿ ಹಳೆಯ ಕೋಟೆಯಾದ ಪುರಾನಾ ಕಿಲ್ಲಾ, ಅರ್ಧಾಣೆಯದರಲ್ಲಿ ಯುದ್ಧಸ್ಮಾರಕದ ಕಮಾನು, ಒಂದಾಣೆಯದರಲ್ಲಿ ಶಾಸನಸಭೆಯ ಮಂದಿರ, ಎರಡಾಣೆಯದರಲ್ಲಿ ವೈಸರಾಯರ ಸೌಧ, ಮೂರಾಣೆಯದರಲ್ಲಿ ಸಚಿವಾಲಯ, ಒಂದು ರೂಪಾಯಿಯದರಲ್ಲಿ ಸಚಿವಾಲಯದ ಮುಂದಣ ಸ್ತಂಭಗಳು. ಆರರಲ್ಲಿ ಐದು ಆ ಆಳ್ವಿಕೆಯೇ ಕಟ್ಟಿಸಿದ ಹೊಸ ಕಟ್ಟಡಗಳು. ಇಲ್ಲಿ ಸ್ಥಳವೂ ಉತ್ಸವವೂ ಒಂದೇ ಕರ್ತೃವಿನವು. ಕಟ್ಟಿದವನೇ ಕಟ್ಟಡವನ್ನು ತೋರಿಸಿ ತನ್ನನ್ನು ಹೊಗಳಿಕೊಂಡಿರುವನು. ಇದನ್ನು ಆತ್ಮಪ್ರಶಂಸೆಯೆಂದು ಹೇಳಬಹುದು, ಅನೌಚಿತ್ಯವೆಂದು ಹೇಳಲಾಗುವುದಿಲ್ಲ. ಆದರೆ ಒಂದು ವಿಶೇಷವನ್ನು ಗಮನಿಸತಕ್ಕದ್ದು. ಹಿಂದಣ ಅರಸರ ಕೋಟೆಗೆ ಕಾಲಾಣೆ, ಇಂದಿನ ಅಧಿಕಾರದ ಸ್ತಂಭಗಳಿಗೆ ರೂಪಾಯಿ. ಬೆಲೆಯ ಮೆಟ್ಟಿಲಿನಲ್ಲಿ ಅತಿ ಹಳೆಯದೇ ಅತಿ ಕೆಳಗೆ ನಿಂತಿದೆ. ಇದನ್ನು ಉದ್ದೇಶಿಸಿಯೇ ಮಾಡಿದರೋ ಅಕಸ್ಮಾತ್ತಾಗಿ ಆಯಿತೋ, ಓದುವವನಿಗೆ ಮಾತ್ರ ಅರ್ಥವು ಹುಟ್ಟದೆ ಇರುವುದಿಲ್ಲ.

ಐದನೆಯ ಜಾರ್ಜ್ ದೊರೆಯ ಪಟ್ಟದ ರಜತೋತ್ಸವಕ್ಕಾಗಿ ೧೯೩೫ನೆಯ ಮೇ ೬ರಂದು ಹೊರಟ ಏಳು ಚೀಟಿಗಳಲ್ಲಿ ಪ್ರಶ್ನೆಯು ಇನ್ನೂ ಸ್ಪಷ್ಟವಾಗುತ್ತದೆ. ಅರ್ಧಾಣೆಗೆ ಮುಂಬಯಿಯ ಗೇಟ್‌ವೇ, ಒಂಬತ್ತು ಪೈಗೆ ಕಲಕತ್ತೆಯ ವಿಕ್ಟೋರಿಯಾ ಸ್ಮಾರಕ, ಒಂದಾಣೆಗೆ ರಾಮೇಶ್ವರದ ದೇವಾಲಯ, ಒಂದೂಕಾಲಾಣೆಗೆ ಕಲಕತ್ತೆಯ ಜೈನ ಮಂದಿರ, ಎರಡೂವರೆ ಆಣೆಗೆ ಆಗ್ರಾದ ತಾಜಮಹಲು, ಮೂರೂವರೆ ಆಣೆಗೆ ಅಮೃತಸರದ ಸುವರ್ಣಮಂದಿರ, ಎಂಟಾಣೆಗೆ ಮಂಡಾಲೆಯ ಬೌದ್ಧಮಂದಿರ. ಏಳರಲ್ಲಿಯೂ ಸ್ಥಳದ ಜತೆಗೆ ದೊರೆಯ ಮುಖವಿದೆ.

ಈ ಏಳನ್ನು ಎರಡು ವರ್ಗವಾಗಿ ವಿಭಾಗಿಸಬೇಕು. ಮುಂಬಯಿಯ ಗೇಟ್‌ವೇ ಕಟ್ಟಿದುದೇ ಆ ದೊರೆಯು ೧೯೧೧ರಲ್ಲಿ ಅಲ್ಲಿ ಇಳಿದುದರ ನೆನಪಿಗಾಗಿ. ೧೯೨೧ರಲ್ಲಿ ತೆರೆದ ವಿಕ್ಟೋರಿಯಾ ಸ್ಮಾರಕವು ಅವನ ಅಜ್ಜಿಯ ನೆನಪಿನದು. ಈ ಎರಡರ ಬಳಿ ಅವನ ಮುಖವಿರುವುದು ಸ್ವಸ್ಥಾನದಲ್ಲಿದ್ದಂತೆಯೇ. ಉಳಿದ ಐದಕ್ಕೂ ಅವನಿಗೂ ಏನು ಸಂಬಂಧ? ರಾಮೇಶ್ವರವು ಕಾಶಿಯಾತ್ರೆಯ ಫಲವನ್ನು ಪೂರ್ಣಮಾಡಿಕೊಳ್ಳಲು ಹೋಗುವವರ ಕ್ಷೇತ್ರ. ಸುವರ್ಣಮಂದಿರವು ಗ್ರಂಥಸಾಹಿಬನ್ನು ಗುರುವೆಂದು ನಮಿಸುವವರ ಸ್ಥಾನ. ತಾಜಮಹಲು ಷಹಜಹಾನನು ಮಡಿದ ಪತ್ನಿಗಾಗಿ ಎತ್ತಿಸಿದ ಸಮಾಧಿ. ಇವು ಮೂರೂ ಇಲ್ಲಿ ದೊರೆಯ ಎಡಬಲಗಳಲ್ಲಿ ಚಾಮರ ಹಿಡಿದು ನಿಂತಿವೆ.

ಆಲಂಕಾರಿಕರು ರಸವದಲಂಕಾರವೆಂದು ಕರೆಯುವುದು ಇದನ್ನೇ. ಒಂದು ಪದ್ಯದಲ್ಲಿ ಶತ್ರುಸ್ತ್ರೀಯರ ಶೋಕವನ್ನು ಎಷ್ಟೇ ಹೃದಯಂಗಮವಾಗಿ ವರ್ಣಿಸಿದ್ದರೂ, ವಾಕ್ಯದ ತಾತ್ಪರ್ಯವು ಅರಸನ ಪ್ರತಾಪದಲ್ಲಿಯೇ ಇದ್ದರೆ, ಆ ಕರುಣರಸವು ಪ್ರಧಾನವಾಗಿ ಉಳಿಯದೆ ಸ್ತುತಿಗೆ ಅಲಂಕಾರವಾಗಿ ಇಳಿಯುವುದೆಂದು ಆನಂದವರ್ಧನನು ನಿರೂಪಿಸಿರುವನು. ೧೯೩೫ರ ತಾಜಮಹಲಿಗೆ ಈ ಲಕ್ಷಣವು ಅಕ್ಷರಶಃ ಹೊಂದುತ್ತದೆ. ಗಂಡನೊಬ್ಬನ ಶೋಕವು ಕಲ್ಲಾಗಿ ನಿಂತುದು ಮತ್ತೊಬ್ಬ ಚಕ್ರವರ್ತಿಯ ಇಪ್ಪತ್ತೈದು ವರ್ಷದ ಆಳ್ವಿಕೆಗೆ ಆಭರಣವಾಗಿದೆ. ಚಿತ್ರವು ಸುಂದರವಾಗಿಲ್ಲವೆಂದಲ್ಲ, ರಸವು ಪರಾಧೀನವಾಗಿದೆ ಎಂದು ಹೇಳತಕ್ಕದ್ದು.

ಮಂಡಾಲೆಯ ಚೀಟಿಯು ಇನ್ನೊಂದು ಪಾಠವನ್ನು ಕಲಿಸುತ್ತದೆ. ಅದು ಹೊರಟು ಎರಡು ವರ್ಷವಾಗುವಷ್ಟರಲ್ಲಿ, ೧೯೩೭ನೆಯ ಏಪ್ರಿಲ್ ೧ರಂದು, ಬರ್ಮಾ ದೇಶವು ಇಂಡಿಯಾದಿಂದ ಬೇರೆಯಾಯಿತು. ಅಂಗಿಯಾದ ಆಳ್ವಿಕೆಯ ಗಡಿ ಸರಿಯಿತು. ಅಂಗವಾಗಿದ್ದ ಬೌದ್ಧಮಂದಿರವು ಇದ್ದಲ್ಲಿಯೇ ಇದ್ದಿತು. ರಾಜ್ಯಗಳು ಸ್ಥಳಗಳನ್ನು ತಮ್ಮ ಆಭರಣಪೆಟ್ಟಿಗೆಗೆ ಸೇರಿಸಿಕೊಳ್ಳಬಲ್ಲುವು, ಆದರೆ ಸ್ಥಳಗಳ ಆಯುಷ್ಯವು ಆ ಪೆಟ್ಟಿಗೆಯ ಆಯುಷ್ಯಕ್ಕಿಂತ ದೀರ್ಘವಾದುದು.

೩

ಇದೇ ಕಾಲದಲ್ಲಿ ಸ್ವಂತ ಅಂಚೆಯನ್ನು ಇಟ್ಟುಕೊಂಡಿದ್ದ ದೇಶೀಯ ಸಂಸ್ಥಾನಗಳು ಏನು ಮಾಡಿದುವೆಂಬುದನ್ನು ನೋಡುವುದು ಅವಶ್ಯಕ. ಮೈಸೂರಿನ ಅಂಚೆಯು ೧೮೮೯ರಲ್ಲಿಯೇ ಇಂಡಿಯಾ ಸರಕಾರದ ಅಂಚೆಯಲ್ಲಿ ಲೀನವಾಗಿದ್ದುದರಿಂದ ನಮ್ಮ ಸಂಸ್ಥಾನಕ್ಕೆ ಈ ಪ್ರಸಂಗವೇ ಒದಗಲಿಲ್ಲ. ತಿರುವಾಂಕೂರು, ಹೈದರಾಬಾದು ಈ ಎರಡರ ಚೀಟಿಗಳು ನಮ್ಮ ವಿಚಾರಕ್ಕೆ ವಿಶೇಷವಾಗಿ ಒದಗುತ್ತವೆ.

ತಿರುವಾಂಕೂರಿನಲ್ಲಿ ೧೯೩೬ನೆಯ ನವೆಂಬರ್ ೧೨ರಂದು ದೇವಾಲಯ ಪ್ರವೇಶದ ಘೋಷಣೆಯಾಯಿತು. ಅದುವರೆಗೆ ಹುಟ್ಟಿನ ಕಾರಣದಿಂದ ಹೊರಗೆ ನಿಲ್ಲಿಸಲ್ಪಟ್ಟಿದ್ದವರಿಗೆ ಸಂಸ್ಥಾನದ ಗುಡಿಗಳ ಬಾಗಿಲು ತೆರೆಯಿತು. ಇದರ ನೆನಪಿಗಾಗಿ ೧೯೩೭ನೆಯ ಮಾರ್ಚಿನಲ್ಲಿ ಮಹಾರಾಜರ ಮುಖವನ್ನೂ ದೇವಾಲಯಗಳ ಚಿತ್ರವನ್ನೂ ಒಳಗೊಂಡ ನಾಲ್ಕು ಚೀಟಿಗಳು ಹೊರಟುವು. ವಿನ್ಯಾಸವನ್ನು ಮಾತ್ರ ನೋಡಿದರೆ ಇವು ೧೯೩೫ರ ಚೀಟಿಗಳ ಜಾತಿಯವೇ: ಒಂದು ಕಡೆ ಅರಸ, ಒಂದು ಕಡೆ ಗುಡಿ. ಆದರೂ ಅರ್ಥವು ಬೇರೆ. ೧೯೩೫ರಲ್ಲಿ ದೊರೆಯು ಗುಡಿಗೆ ಏನನ್ನೂ ಮಾಡಿದವನಲ್ಲ. ಇಲ್ಲಿ ಅರಸನ ಆಜ್ಞೆಯಿಂದ ಗುಡಿಯ ಬಾಗಿಲೇ ಬದಲಾಗಿದೆ. ಹಿಂದೆ ದೂರದಿಂದ ಗೋಪುರವನ್ನು ಕಂಡು ಕೈಮುಗಿದು ಹಿಂದಿರುಗಬೇಕಾಗಿದ್ದವನ ಕಾಗದದ ಮೇಲೆ ಈಗ ಆ ಗುಡಿಯು ಅವನೂ ಒಳಹೊಕ್ಕ ಗುಡಿಯಾಗಿ ಕುಳಿತಿದೆ. ಆದಕಾರಣ ಇಲ್ಲಿ ಅರಸ ಮತ್ತು ಗುಡಿ ಇವರಿಬ್ಬರೂ ಅಂಗಗಳು. ಅಂಗಿಯು ಪ್ರವೇಶವೆಂಬ ಕ್ರಿಯೆ. ಒಂದೇ ವಿನ್ಯಾಸವು ಸಂದರ್ಭಭೇದದಿಂದ ಬೇರೆ ಅರ್ಥವನ್ನು ಕೊಡುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ದುರ್ಲಭ. ಎರಡು ವರ್ಷಗಳ ಅನಂತರ, ೧೯೩೯ರಲ್ಲಿ, ಮಹಾರಾಜರ ಇಪ್ಪತ್ತೇಳನೆಯ ಜನ್ಮದಿನಕ್ಕೆ ಹೊರಟ ಚೀಟಿಗಳಲ್ಲಿ ಅಷ್ಟಮುಡಿ ಸರೋವರ, ಕನ್ಯಾಕುಮಾರಿ ಮೊದಲಾದ ಸ್ಥಳಗಳು ಬಂದುವು. ಅಲ್ಲಿ ಮತ್ತೆ ಸ್ಥಳವು ಜನ್ಮದಿನಕ್ಕೆ ತೋರಣವಾಯಿತು. ಹಿಂದಿನ ಮಾಲೆಯ ಗಾಂಭೀರ್ಯವು ಮುಂದಿನದಕ್ಕೆ ಬರಲಿಲ್ಲ.

ಹೈದರಾಬಾದಿನ ರೀತಿ ಬೇರೆ. ಅಲ್ಲಿ ನಿಜಾಮರ ಆಳ್ವಿಕೆಯ ರಜತೋತ್ಸವಕ್ಕಾಗಿ ೧೯೩೭ರಲ್ಲಿ ನಾಲ್ಕು ಚೀಟಿಗಳು ಬಂದುವು: ಯುನಾನಿ ಆಸ್ಪತ್ರೆ, ಉಸ್ಮಾನಿಯಾ ಆಸ್ಪತ್ರೆ, ಉಸ್ಮಾನಿಯಾ ವಿಶ್ವವಿದ್ಯಾನಿಲಯ, ಉಸ್ಮಾನಿಯಾ ಜ್ಯೂಬಿಲಿ ಸಭಾಭವನ. ಅರಸನ ಮುಖವು ಎಲ್ಲಿಯೂ ಇಲ್ಲ. ಆದರೆ ನಾಲ್ಕರಲ್ಲಿ ಮೂರು ಕಟ್ಟಡಗಳಿಗೆ ಅವನ ಹೆಸರೇ ಹೆಸರು. ೧೯೩೫ರಲ್ಲಿ ವಾಚ್ಯವಾಗಿದ್ದ ಅರಸನು ಇಲ್ಲಿ ವ್ಯಂಗ್ಯನಾಗಿರುವನು. ಕಲೆಯ ದೃಷ್ಟಿಯಿಂದ ಇದು ಮೇಲಾದ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ. ರೋಗಿಗೆ ಆಸ್ಪತ್ರೆ, ವಿದ್ಯಾರ್ಥಿಗೆ ಕಲಾಶಾಲೆ ಎಂಬಂತೆ ಪ್ರಜೆಗೂ ಅಲ್ಲಿ ಸ್ಥಾನವಿದೆ.

ಆದರೆ ಒಂದು ನ್ಯೂನತೆಯುಂಟು. ಅದು ಕನ್ನಡಿಗರಾದ ನಮಗೆ ಬೇಗನೆ ಕಣ್ಣಿಗೆ ಬೀಳತಕ್ಕದ್ದು. ಇದೇ ಸಂಸ್ಥಾನವು ೧೯೩೧ರಲ್ಲಿ ದಿನಬಳಕೆಗಾಗಿ ಹೊರಡಿಸಿದ ಮಾಲೆಯಲ್ಲಿ ರಾಜಧಾನಿಯ ಚಾರಮಿನಾರಿನ ಜತೆಗೆ ಅಜಂತೆಯ ಗುಹಾದ್ವಾರ, ದೌಲತಾಬಾದಿನ ಸ್ತಂಭ, ಹಾಗೂ ಹನ್ನೆರಡಾಣೆಯ ಚೀಟಿಯಲ್ಲಿ ನಮ್ಮ ಬೀದರಿನ ಮಹಮೂದ ಗವಾನನ ವಿದ್ಯಾಲಯ ಇವೆಲ್ಲ ಇದ್ದುವು. ಹದಿನೈದನೆಯ ಶತಮಾನದ ಆ ವಿದ್ಯಾಪೀಠವು ಕನ್ನಡ ನೆಲದಿಂದ ಅಂಚೆಚೀಟಿಗೆ ಏರಿದ ಸ್ಥಳಗಳಲ್ಲಿ ಬಹು ಮುಂಚಿನದು. ದಿನಬಳಕೆಯ ಮಾಲೆಯಲ್ಲಿ ನಾಡೆಲ್ಲ ಸ್ಥಾನ ಪಡೆಯಿತು; ಉತ್ಸವ ಬಂದೊಡನೆ ನಾಲ್ಕಕ್ಕೆ ನಾಲ್ಕೂ ಹೈದರಾಬಾದು ನಗರದಲ್ಲಿಯೇ ಕುಳಿತುವು. ೧೯೩೧ರ ದಿಲ್ಲಿಯಲ್ಲಿ ಕಂಡುದೂ ಇದೇ. ಆಳುವವರ ಉತ್ಸವವು ಸ್ಥಳಗಳನ್ನು ರಾಜಧಾನಿಯ ಕಡೆಗೆ ಸೆಳೆಯುತ್ತದೆ ಎಂಬುದನ್ನು ಒಂದು ಸಾಮಾನ್ಯ ನಿಯಮವಾಗಿ ಗ್ರಹಿಸಬಹುದು.

೪

ಈ ನಿಯಮಕ್ಕೆ ದೊಡ್ಡ ಅಪವಾದವಾಗಿ ಬಂದುದು ೧೯೪೯ನೆಯ ಆಗಸ್ಟ್ ೧೫ರಂದು, ಸ್ವಾತಂತ್ರ್ಯದ ಎರಡನೆಯ ವಾರ್ಷಿಕೋತ್ಸವದ ದಿನ ಹೊರಟ ಹದಿನಾರು ಚೀಟಿಗಳ ಪುರಾತತ್ತ್ವಮಾಲೆ. ಇದು ದಿನಬಳಕೆಗೆ ಸಲ್ಲತಕ್ಕ ಮಾಲೆಯೂ ಹೌದು, ಹೊರಡಿಸಿದ ದಿನದಿಂದ ಉತ್ಸವದ ಮಾಲೆಯೂ ಹೌದು. ಮೂರು ಪೈಗೆ ಅಜಂತೆಯ ಆನೆಯ ಫಲಕ, ಆರು ಪೈಗೆ ಕೋನಾರ್ಕದ ಕುದುರೆ, ಒಂಬತ್ತು ಪೈಗೆ ತ್ರಿಮೂರ್ತಿ, ಒಂದಾಣೆಗೆ ಬೋಧಿಸತ್ತ್ವ, ಎರಡಾಣೆಗೆ ನಟರಾಜ. ಮೇಲೆ ಮೂರಾಣೆಯಿಂದ ಹದಿನೈದು ರೂಪಾಯಿಗಳವರೆಗೆ ಸಾಂಚಿಯ ಸ್ತೂಪ, ಬುದ್ಧಗಯೆ, ಭುವನೇಶ್ವರ, ಬಿಜಾಪುರದ ಗೋಳಗುಮ್ಮಟ, ಖಜುರಾಹೋವಿನ ಕಂದರೀಯ ಮಹಾದೇವ, ಸುವರ್ಣಮಂದಿರ, ಚಿತ್ತೂರಗಡದ ವಿಜಯಸ್ತಂಭ, ದಿಲ್ಲಿಯ ಕೆಂಪುಕೋಟೆ, ತಾಜಮಹಲು, ಕುತುಬಮಿನಾರು, ಶತ್ರುಂಜಯದ ಜಿನಾಲಯ.

ಹದಿನಾರರಲ್ಲಿ ಒಂದರಲ್ಲಿಯೂ ಆಳುವವರ ಮುಖವಿಲ್ಲ. ಬೌದ್ಧ, ಜೈನ, ಶೈವ, ಸೌರ, ಮಹಮ್ಮದೀಯ, ಸಿಖ್ಖ ಎಂಬ ಎಲ್ಲ ಮಾರ್ಗಗಳ ಕೃತಿಗಳೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ದೇಶವಿಭಜನೆಯ ರಕ್ತವು ಒಣಗುವ ಮೊದಲು ಈ ಪಂಕ್ತಿಯನ್ನು ಹಾಕಿದುದು ಅಲ್ಪವಾದ ಮಾತಲ್ಲ.

ಹೋಲಿಕೆಗೆ ಅತ್ಯಂತ ಅನುಕೂಲವಾದುದೆಂದರೆ ತಾಜಮಹಲು ಮತ್ತು ಸುವರ್ಣಮಂದಿರ ಇವೆರಡೂ ಎರಡು ಮಾಲೆಗಳಲ್ಲಿಯೂ ಇರುವುದು. ವಿಷಯವು ಒಂದೇ ಆಗಿರುವುದರಿಂದ ಪ್ರಾಧಾನ್ಯದ ಭೇದವೊಂದೇ ಪರೀಕ್ಷೆಗೆ ಉಳಿಯುತ್ತದೆ. ೧೯೩೫ರಲ್ಲಿ ಎರಡೂವರೆ ಆಣೆಯ ತಾಜಮಹಲು ದೊರೆಯ ಬಳಿ ನಿಂತಿದ್ದಿತು. ೧೯೪೯ರಲ್ಲಿ ಐದು ರೂಪಾಯಿಯ ತಾಜಮಹಲು ತಾನೇ ತಾನಾಗಿ ನಿಂತಿದೆ. ನೋಡುವವನ ಮನಸ್ಸು ಮೊದಲನೆಯದರಲ್ಲಿ ಕಟ್ಟಡದಿಂದ ಮುಖಕ್ಕೂ ಮುಖದಿಂದ ಕಟ್ಟಡಕ್ಕೂ ಓಡಾಡಿ ಕೊನೆಗೆ ಮುಖದಲ್ಲಿ ನಿಲ್ಲುತ್ತಿತ್ತು. ಎರಡನೆಯದರಲ್ಲಿ ಕಟ್ಟಡದಲ್ಲಿಯೇ ನಿಂತು, ಅದನ್ನು ಕಟ್ಟಿಸಿದವನ ಶೋಕದ ಕಡೆಗೂ ಕಟ್ಟಿದ ಶಿಲ್ಪಿಗಳ ಕೈಯ ಕಡೆಗೂ ಹರಿಯುತ್ತದೆ. ಪರಾಧೀನವಾಗಿದ್ದ ರಸವು ಸ್ವಾಧೀನವಾಯಿತೆಂದು ಆಲಂಕಾರಿಕರ ಮಾತಿನಲ್ಲಿ ಹೇಳಬಹುದು. ಸ್ವಾತಂತ್ರ್ಯವೆಂಬ ಪದಕ್ಕೆ ಇಲ್ಲಿ ರಾಜಕೀಯವಾದ ಅರ್ಥದೊಡನೆ ರಸಶಾಸ್ತ್ರದ ಅರ್ಥವೂ ಸೇರಿತು.

ಸಮಾಧಿಯೊಂದು ಉತ್ಸವಕ್ಕೆ ಒಗ್ಗುವುದೇ ಎಂದು ಕೇಳುವವರುಂಟು. ತಾಜಮಹಲೂ ಸಮಾಧಿ, ಗೋಳಗುಮ್ಮಟವೂ ಸಮಾಧಿ; ಮಂಗಳಕಾರ್ಯದಲ್ಲಿ ಇವು ಅಮಂಗಳವಲ್ಲವೇ ಎಂದು ಶಂಕೆ. ಉತ್ಸವದ ಅಂಗಿಯು ಒಬ್ಬ ವ್ಯಕ್ತಿಯ ಜನ್ಮ ಅಥವಾ ಪಟ್ಟವಾದಾಗ ಈ ಶಂಕೆಗೆ ಬಲವಿದೆ. ಅಂಗಿಯು ಒಂದು ದೇಶದ ಕೀರ್ತಿಯಾದಾಗ ಅದಕ್ಕೆ ಬಲವಿಲ್ಲ. ಮಡಿದವರನ್ನು ಮಾಸ್ತಿಗಲ್ಲುಗಳಲ್ಲಿಯೂ ವೀರಗಲ್ಲುಗಳಲ್ಲಿಯೂ ಊರ ಮುಂದೆಯೇ ನಿಲ್ಲಿಸಿ ಪೂಜಿಸಿದ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

೫

ಇಷ್ಟು ಗುಣಗಳನ್ನು ಎಣಿಸಿದ ಮೇಲೆ ದೋಷಗಳನ್ನು ಮರೆಮಾಡುವುದು ವಿಮರ್ಶಕನಿಗೆ ತಕ್ಕುದಲ್ಲ. ಸ್ಥಳವು ಅಂಗವಾಗಿದ್ದಾಗ ಅದರ ರೂಪದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುವುದು. ತೋರಣದ ಎಲೆಗಳನ್ನು ಯಾರೂ ಎಣಿಸುವುದಿಲ್ಲ. ಸ್ಥಳವೇ ಅಂಗಿಯಾದ ಮೇಲೆ ಅದರ ಸ್ವರೂಪಕ್ಕೆ ನಿಷ್ಠೆಯು ಮೊದಲ ಕರ್ತವ್ಯವಾಗುತ್ತದೆ. ೧೯೪೯ರ ಮಾಲೆಯು ಈ ಕರ್ತವ್ಯದಲ್ಲಿ ಎಡವಿದ ಸ್ಥಾನಗಳು ಮೂರು.

ಮೊದಲನೆಯದು ಒಂದಾಣೆಯ ಬೋಧಿಸತ್ತ್ವ. ಚೀಟಿಯಲ್ಲಿ ಈ ಮೂರ್ತಿಯು ಕನ್ನಡಿಯಲ್ಲಿ ಕಂಡಂತೆ ಎಡಬಲಗಳು ಅದಲುಬದಲಾಗಿ ಅಚ್ಚಾಯಿತು. ೧೯೫೦ರಲ್ಲಿ ತಿದ್ದಿದ ಚೀಟಿಯನ್ನು ಹೊರಡಿಸಬೇಕಾಯಿತು. ಗುಡಿಯ ಗೋಪುರವು ತಿರುಗಿಬಿದ್ದರೆ ಅನೇಕರಿಗೆ ತಿಳಿಯಲಾರದು. ಪ್ರತಿಮೆಯ ಮಾತು ಹಾಗಲ್ಲ. ಪ್ರತಿಮಾಶಾಸ್ತ್ರದಲ್ಲಿ ಎಡಬಲಗಳು ವಾಕ್ಯದಲ್ಲಿ ಕರ್ತೃಕರ್ಮಗಳಿದ್ದಂತೆ. ಇದೇ ಮಾಲೆಯ ನಟರಾಜನನ್ನೇ ತೆಗೆದುಕೊಳ್ಳಿರಿ. ಡಮರುವು ಬಲಗೈಯಲ್ಲಿ, ಅಗ್ನಿಯು ಎಡಗೈಯಲ್ಲಿ. ಅಭಯವು ಮುಂದಿನ ಬಲಗೈಯಿಂದ. ಅಪಸ್ಮಾರನನ್ನು ಮೆಟ್ಟಿದುದು ಬಲಗಾಲು, ಎತ್ತಿದುದು ಎಡಗಾಲು. ಇವನ್ನು ತಿರುಗಿಸಿದರೆ ಅಭಯವನ್ನು ಎಡಗೈಯಿಂದ ಕೊಡಿಸಿದಂತಾಗುವುದು. ಬೋಧಿಸತ್ತ್ವನ ಕೈಯ ವಿಷಯದಲ್ಲಿಯೂ ನ್ಯಾಯವು ಅದೇ. ಒಂದಾಣೆಯ ಚೀಟಿಯು ಸಾಮಾನ್ಯ ಜನರ ಕೈಯಲ್ಲಿ ಓಡಾಡತಕ್ಕುದು. ಆದುದರಿಂದ ಈ ಪ್ರಮಾದವೂ ಮನೆಮನೆಗೆ ಹೋಯಿತು. ಆದರೂ ಒಂದು ಮಾತನ್ನು ಒಪ್ಪಿ ಹೇಳಬೇಕು: ಸರಕಾರವು ಅದನ್ನು ತಿದ್ದಿತು. ಮುದ್ರೆಯೊಂದು ಎಡದಿಂದ ಬಲಕ್ಕೆ ಹೋಗುವುದು ಮುಖ್ಯವಾದ ವಿಷಯವೆಂದು ಭಾವಿಸದಿದ್ದರೆ ಹೊಸ ಚೀಟಿಯ ಶ್ರಮವನ್ನು ಯಾರು ಪಡುತ್ತಿದ್ದರು? ಚಿತ್ರವು ಬರಿಯ ಅಲಂಕಾರವೆಂಬ ಪೂರ್ವಪಕ್ಷಕ್ಕೆ ಆ ತಿದ್ದುಪಡಿಯೇ ಸಾಕಾದ ಖಂಡನೆ.

ಎರಡನೆಯದು ಒಂಬತ್ತು ಪೈಯ ತ್ರಿಮೂರ್ತಿ. ಮುಂಬಯಿಯ ಸಮೀಪದ ಘಾರಾಪುರಿಯ ಗುಹೆಯಲ್ಲಿರುವ ಮೂರು ಮುಖದ ಮಹಾಶಿಲ್ಪಕ್ಕೆ ಈ ಹೆಸರು ರೂಢಿಯಲ್ಲಿದೆ. ಆದರೆ ಅದು ಬ್ರಹ್ಮವಿಷ್ಣುಮಹೇಶ್ವರರ ಸಮೂ್ಹವಲ್ಲವೆಂದೂ ಶಿವನೊಬ್ಬನ ಮುಖಭೇದಗಳನ್ನು ತೋರಿಸುವ ಮಹೇಶಮೂರ್ತಿಯೆಂದೂ ಗೋಪಿನಾಥರಾಯರು ತಮ್ಮ ಪ್ರತಿಮಾಶಾಸ್ತ್ರದ ಗ್ರಂಥದಲ್ಲಿ, ಈ ಚೀಟಿಯು ಹೊರಡುವುದಕ್ಕೆ ಮೂರು ದಶಕಗಳಿಗೂ ಹಿಂದೆಯೇ, ವಿವೇಚಿಸಿದ್ದರು. ನಡುವೆ ಶಾಂತವಾದ ಮುಖ, ಒಂದು ಕಡೆ ಉಗ್ರವಾದ ಮುಖ, ಇನ್ನೊಂದು ಕಡೆ ಸ್ತ್ರೀಯಂತೆ ಲಲಿತವಾದ ಮುಖ: ಇವು ಮೂವರು ದೇವರಲ್ಲ, ಒಬ್ಬನ ಮೂರು ಭಾವಗಳು. ಪುರಾತತ್ತ್ವದ ಹೆಸರಿನಲ್ಲಿ ಹೊರಟ ಮಾಲೆಯು ಪುರಾತತ್ತ್ವಜ್ಞರ ನಿರ್ಣಯವನ್ನು ಬಿಟ್ಟು ರೂಢಿಯನ್ನು ಅನುಸರಿಸಿತು. ಇದು ರೂಪದ ದೋಷವಲ್ಲ, ನಾಮದ ದೋಷ. ಆದರೆ ಅಧ್ಯಾಪಕರಾದವರು ಇದನ್ನು ಮಕ್ಕಳಿಗೆ ಹೇಳದಿದ್ದರೆ ಚೀಟಿಯ ರೂಢಿಯೇ ಶಾಸ್ತ್ರವಾಗುವ ಭಯವಿದೆ.

ಮೂರನೆಯದು ಆಯ್ಕೆಯ ದೋಷ. ಹದಿನಾರರಲ್ಲಿ ಮೊದಲ ಐದು ಶಿಲ್ಪಗಳು, ಉಳಿದ ಹನ್ನೊಂದು ಕಟ್ಟಡಗಳು. ಈ ಹನ್ನೊಂದನ್ನು ಭೂಪಟದಲ್ಲಿ ಗುರುತಿಸಿ ನೋಡಿದರೆ ಕೃಷ್ಣಾನದಿಯ ದಕ್ಷಿಣಕ್ಕೆ ಒಂದೂ ಇಲ್ಲವೆಂಬುದು ಕಂಡು ಆಶ್ಚರ್ಯವಾಗುತ್ತದೆ. ದಕ್ಷಿಣದ ಪ್ರತಿನಿಧಿಯಾಗಿ ನಟರಾಜನ ವಿಗ್ರಹವುಂಟು, ನಿಜ. ಆದರೆ ವಿಗ್ರಹವು ಊರಿನಿಂದ ಊರಿಗೆ ಹೋಗಬಲ್ಲುದು. ಕಟ್ಟಡವು ನೆಲವನ್ನು ಕಚ್ಚಿ ನಿಂತದ್ದು. ತಂಜಾವೂರಿನ ಬೃಹದೀಶ್ವರ, ಮಹಾಬಲಿಪುರದ ರಥಗಳು, ಹಂಪೆ, ಬೇಲೂರು, ಹಳೇಬೀಡು ಇವುಗಳಲ್ಲಿ ಒಂದಕ್ಕೂ ಹದಿನಾರರ ಪಂಕ್ತಿಯಲ್ಲಿ ಮಣೆ ಹಾಕಲಿಲ್ಲ. ದಿಲ್ಲಿ ನಗರವೊಂದಕ್ಕೇ ಎರಡು ಮಣೆಗಳು ದೊರೆತುವು. ಪರಕೀಯ ದೊರೆಯ ೧೯೩೫ರ ಮಾಲೆಯಲ್ಲಿ ಏಳರಲ್ಲಿ ಒಂದಾಗಿ ರಾಮೇಶ್ವರವಿದ್ದಿತು; ನಮ್ಮದೇ ಸರಕಾರದ ಮಾಲೆಯಲ್ಲಿ ಹದಿನಾರು ಸ್ಥಾನಗಳಿದ್ದೂ ಅದು ಬಿಟ್ಟುಹೋಯಿತು. ಅಂಗಾಂಗಿಭಾವವನ್ನು ಸರಿಪಡಿಸಿದವರು ಅಂಗಗಳ ಹಂಚಿಕೆಯನ್ನು ಸರಿಪಡಿಸಲಿಲ್ಲವೆಂದು ಹೇಳಬೇಕಾಗಿದೆ.

೬

ಈ ಪಂಕ್ತಿಯಲ್ಲಿ ಕನ್ನಡ ನೆಲದಿಂದ ಕುಳಿತುದು ಗೋಳಗುಮ್ಮಟವೊಂದೇ. ಅದರ ಬೆಲೆ ಆರಾಣೆ. ೧೬೨೭ರಿಂದ ೧೬೫೬ರವರೆಗೆ ಆಳಿದ ಮಹಮ್ಮದ ಆದಿಲಷಹನ ಈ ಸಮಾಧಿಯ ಗುಮ್ಮಟಕ್ಕೆ ಹೊರಗಿನ ಅಳತೆಯಿಂದ ಸುಮಾರು ೪೪ ಮೀಟರು ವ್ಯಾಸವುಂಟು. ನಡುವೆ ಕಂಬದ ಆಸರೆಯಿಲ್ಲ. ಮೂಲೆಗಳ ನಾಲ್ಕು ಗೋಪುರಗಳು ಎಂಟು ಮೂಲೆಯವು, ಏಳಂತಸ್ತಿನವು. ಒಂದು ಕಡೆ ಪಿಸುಗುಟ್ಟಿದ ಮಾತು ಎದುರು ಕಡೆಯಲ್ಲಿ ಕೇಳುವ ಅದರ ಮೊಗಸಾಲೆಯನ್ನು ಅರಿಯದವರಿಲ್ಲ.

ಚೀಟಿಯು ಹೊರಟಾಗ ಬಿಜಾಪುರವು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಹಂಪೆಯು ಮದರಾಸಿಗೆ, ಬೀದರು ಹೈದರಾಬಾದಿಗೆ, ಬೇಲೂರು ಮೈಸೂರಿಗೆ. ಕನ್ನಡ ನಾಡೆಂಬ ಒಂದು ಆಳ್ವಿಕೆಯೇ ಇರಲಿಲ್ಲ. ಆದುದರಿಂದ ನಮ್ಮ ಸ್ಥಳಗಳ ಪರವಾಗಿ ಒಂದೇ ದನಿಯಲ್ಲಿ ಕೇಳುವವರೂ ಇರಲಿಲ್ಲ. ಏಕೀಕರಣವು ೧೯೫೬ನೆಯ ನವೆಂಬರ್ ೧ರಂದು ಆಯಿತು. ಬಿಜಾಪುರವು ೨೦೧೪ರಲ್ಲಿ ವಿಜಯಪುರವೆಂಬ ಹೆಸರನ್ನು ಪಡೆಯಿತು. ಪ್ರಾಂತವು ಬದಲಾಯಿತು, ಊರ ಹೆಸರು ಬದಲಾಯಿತು. ಗುಮ್ಮಟವು ಮಂಡಾಲೆಯ ಮಂದಿರದಂತೆಯೇ ಇದ್ದಲ್ಲಿಯೇ ಇದೆ. ಇಂದು ಆ ಆರಾಣೆಯ ಚೀಟಿಯನ್ನು ನೋಡುವ ಕನ್ನಡಿಗನು ಅದರಲ್ಲಿ ೧೯೪೯ರ ಸರಕಾರವು ಹೇಳಬಯಸಿದುದಕ್ಕಿಂತ ಹೆಚ್ಚಿನ ಅರ್ಥವನ್ನು ಕಾಣುವನು. ಹಳೆಯ ಕೃತಿಯು ಹೊಸ ಸಹೃದಯನ ಬಳಿ ಹೊಸ ಅರ್ಥವನ್ನು ಪಡೆಯುವುದೆಂಬುದು ಕಾವ್ಯದಲ್ಲಿ ಪ್ರಸಿದ್ಧವಾದುದೇ.

ಹಾಗಾದರೆ ಉತ್ಸವವೂ ಸ್ಥಳವೂ ವಿರೋಧವಿಲ್ಲದೆ ಕೂಡುವ ಚೀಟಿಯಿಲ್ಲವೇ? ಇದೆ, ಅದೂ ನಮ್ಮ ನಾಡಿನದೇ. ೧೯೮೧ನೆಯ ಫೆಬ್ರವರಿ ೯ರಂದು ಶ್ರವಣಬೆಳಗೊಳದ ಗೊಮ್ಮಟೇಶ್ವರನ ಚಿತ್ರವುಳ್ಳ ಒಂದು ರೂಪಾಯಿಯ ಚೀಟಿ ಹೊರಟಿತು. ಚಾವುಂಡರಾಯನು ಆ ಮೂರ್ತಿಯನ್ನು ಪ್ರತಿಷ್ಠಿಸಿ ಸಾವಿರ ವರ್ಷಗಳಾದುವೆಂದು ಆ ತಿಂಗಳಲ್ಲಿ ಮಹಾಮಸ್ತಕಾಭಿಷೇಕವು ನಡೆಯಿತು. ಹಿಂದೆ ಕಂಡ ಎಲ್ಲ ಮಾಲೆಗಳಲ್ಲಿಯೂ ಉತ್ಸವವು ಒಂದು ಕಡೆಯದು, ಸ್ಥಳವು ಇನ್ನೊಂದು ಕಡೆಯದು. ಎರಡನ್ನೂ ಚೀಟಿಯು ಕೂಡಿಸುತ್ತಿತ್ತು. ಇಲ್ಲಿ ಉತ್ಸವವು ಆ ಸ್ಥಳದ್ದೇ, ಅಲ್ಲಿಯೇ ಹುಟ್ಟಿ ಅಲ್ಲಿಯೇ ನಡೆಯುವುದು. ಅಭಿಷೇಕವಿಲ್ಲದೆ ಬೆಟ್ಟವಿರಬಹುದು, ಆ ಬೆಟ್ಟವಿಲ್ಲದೆ ಆ ಅಭಿಷೇಕವಿಲ್ಲ. ಅಂಗ ಯಾವುದು, ಅಂಗಿ ಯಾವುದು ಎಂಬ ಪ್ರಶ್ನೆಗೇ ಅಲ್ಲಿ ಎಡೆಯಿಲ್ಲ. ಮತ್ತೊಂದು ಸ್ವಾರಸ್ಯವೂ ಉಂಟು. ಮೂರ್ತಿಯ ಪಾದದ ಬಳಿಯ ಶಾಸನಗಳು ಅದನ್ನು ಮಾಡಿಸಿದವನು ಚಾವುಂಡರಾಯನೆಂಬುದನ್ನು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಹೇಳುತ್ತವೆ. ಮಾಡಿಸಿದವನ ಹೆಸರು ಪಾದದ ಬಳಿಯಲ್ಲಿ, ಮೂರ್ತಿಯು ಅದರ ಮೇಲೆ ಐವತ್ತೆಂಟು ಅಡಿ. ೧೯೩೫ರಲ್ಲಿ ದೊರೆಯ ಮುಖಕ್ಕೂ ರಾಮೇಶ್ವರದ ಗೋಪುರಕ್ಕೂ ಇದ್ದ ಪ್ರಮಾಣವನ್ನು ಇದರೊಡನೆ ಹೋಲಿಸಿ ನೋಡಿದರೆ, ಆಳುವವನೂ ಸ್ಥಳವೂ ಪರಸ್ಪರ ಹೇಗಿರಬೇಕೆಂಬುದನ್ನು ಗಂಗರ ಮಂತ್ರಿಯು ಚೆನ್ನಾಗಿ ಅರಿತಿದ್ದನೆಂದು ಹೇಳಬೇಕಾಗುತ್ತದೆ.

ಇದುವರೆಗೆ ನಡೆದ ವಿಚಾರದಿಂದ ಇಂತಹ ಚೀಟಿಗಳ ಪರೀಕ್ಷೆಗೆ ಮೂರು ಒರೆಗಲ್ಲುಗಳು ಸಿದ್ಧವಾಗುತ್ತವೆ. ಚಿತ್ರದಲ್ಲಿ ಸ್ಥಳವು ಪ್ರಧಾನವಾಗಿದೆಯೇ, ಇಲ್ಲವೇ ಮತ್ತೊಂದಕ್ಕೆ ಭೂಷಣವಾಗಿದೆಯೇ ಎಂಬುದು ಒಂದು. ಸ್ಥಳದ ರೂಪವೂ ಹೆಸರೂ ಯಥಾರ್ಥವಾಗಿವೆಯೇ ಎಂಬುದು ಎರಡು. ಆಯ್ದ ಸ್ಥಳಗಳೆಲ್ಲ ಕೂಡಿ ನಾಡನ್ನು ನ್ಯಾಯವಾಗಿ ತೋರಿಸುತ್ತವೆಯೇ ಎಂಬುದು ಮೂರು. ೧೯೩೫ರದು ಮೊದಲನೆಯ ಒರೆಯಲ್ಲಿಯೇ ನಿಂತುಬಿಡುತ್ತದೆ. ೧೯೪೯ರದು ಮೊದಲನೆಯದನ್ನು ಗೆದ್ದು ಎರಡನೆಯ, ಮೂರನೆಯ ಒರೆಗಳಲ್ಲಿ ಕುಂದುತ್ತದೆ. ಪ್ರೌಢಶಾಲೆಗಳಲ್ಲಿಯೂ ಕಲಾಶಾಲೆಗಳಲ್ಲಿಯೂ ಅಲಂಕಾರಶಾಸ್ತ್ರವನ್ನು ಪಾಠ ಹೇಳುವವರು ಅಂಗಾಂಗಿಭಾವವನ್ನು ವಿವರಿಸುವಾಗ ಎರಡು ತಾಜಮಹಲುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ, ಪದ್ಯದಿಂದ ಬೇಗ ತಿಳಿಯದ ವಿಷಯವೂ ವಿದ್ಯಾರ್ಥಿಗೆ ಕಣ್ಣಮುಂದೆ ಬರುವುದು. ಈ ಒರೆಗಲ್ಲುಗಳಲ್ಲಿ ಹೆಚ್ಚುಕಡಿಮೆಯಿದ್ದರೆ ವಿದ್ವಾಂಸರು ಪರಾಂಬರಿಸಿ ತಿಳಿಸಬೇಕಾಗಿ ಪ್ರಾರ್ಥನೆ.